ಚುಕ್ಕಿಯಕ್ಕ ಕಾಡಿಗೆ ಹೋಗಿ ಬಂದದ್ದು

ಆ ಕಚೇರಿಯ ಮೂರನೇ ಮಹಡಿಯಲ್ಲಿ ಅವಳಿಗೆ ಚುಕ್ಕಿಯಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಉಪಗ್ರಹದ ಚಿತ್ರಗಳಲ್ಲಿ ಮಳೆಕಾಡಿನ ಮೇಲೆ ಎಲ್ಲಿ ಹೆಚ್ಚು ಬಿಸಿ ಕಂಡರೂ ಕಂಪ್ಯೂಟರು ಅಲ್ಲೊಂದು ಕೆಂಪು ಚುಕ್ಕಿ ಇಡುತ್ತಿತ್ತು. ಅದು ನಿಜವಾದ ಬೆಂಕಿಯೋ ಅಲ್ಲವೋ ಎಂದು ಹಳೆಯ ಚಿತ್ರಗಳೊಂದಿಗೆ ತಾಳೆ ನೋಡಿ, ಕಾಡಂಚಿನ ಗಸ್ತು ತಂಡಕ್ಕೆ ತಿಳಿಸುವುದು ಅವಳ ಕೆಲಸ. ಮೊದಲು ಭೂಮಾಪನ ಕಚೇರಿಯಲ್ಲಿ ಮಸಿಯ ಪೆನ್ನು ಹಿಡಿದು ನಕ್ಷೆ ತಿದ್ದುತ್ತಿದ್ದಳು. ಆ ಕೆಲಸ ನಿಂತಾಗ ಇಲ್ಲಿಗೆ ಹಾಕಿದರು. ಹನ್ನೊಂದು ವರ್ಷದಲ್ಲಿ ಕಾಡಿನ ಒಂದೊಂದು ತೊರೆಯ ತಿರುವೂ ಅವಳಿಗೆ ಬಾಯಿಪಾಠವಾಗಿತ್ತು. ಕಾಲಿಟ್ಟು ಮಾತ್ರ ನೋಡಿರಲಿಲ್ಲ.

"ಏನಮ್ಮಾ ಅದು ನಿನ್ ಕೆಲಸ?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ಕಾಡು ಕಾಯೋದು, ಅತ್ತೆ."

"ಚಪ್ಪಲಿ ಸವೆಸದೆ ಕಾಡು ಕಾಯೋಳನ್ನ ಇವತ್ತೇ ನೋಡಿದ್ದು ನಾನು," ಎಂದು ಅವರು ನಗುತ್ತಾ ಒಣಗಿದ ಬಟ್ಟೆ ಮಡಚಿದರು.

ಒಂದು ಬೇಸಿಗೆಯಲ್ಲಿ ಗುಡ್ಡದ ಒಂದೇ ಜಾಗದಲ್ಲಿ ಮೂರು ದಿನ, ಮೂರೂ ಸಲ ನಡುಮಧ್ಯಾಹ್ನವೇ ಚುಕ್ಕಿ ಬಿತ್ತು. ಅವಳು ಹಿಂದುಮುಂದು ನೋಡದೆ ಬೆಂಕಿ ಎಂದು ಬರೆದು ಕಳಿಸಿದಳು. ಗಸ್ತು ತಂಡ ಎರಡು ದಿನ ನಡೆಯಿತು. ತಂಡದ ಒಬ್ಬನ ಕಾಲು ಉಳುಕಿತು. ಮೂರನೇ ದಿನ ತಂಡದ ಮುಖ್ಯಸ್ಥ ಫೋನ್ ಮಾಡಿದ. ಮೂವತ್ತು ವರ್ಷ ಕಾಡು ಸುತ್ತಿದ ಆ ಮನುಷ್ಯನನ್ನು ಎಲ್ಲರೂ ಮೀಸೆಯಣ್ಣ ಎನ್ನುತ್ತಿದ್ದರು.

"ಅಕ್ಕಾ, ಬೆಟ್ಟ ಅಗೆದು ಇಲಿ ಹಿಡಿಯೋಕೆ ಬಂದ್ವಿ. ಇಲಿನೂ ಸಿಗಲಿಲ್ಲ. ಯಾರೋ ಗೋದಾಮಿಗೆ ಹೊಸ ತಗಡು ಹೊದಿಸಿದಾರೆ, ಬಿಸಿಲಿಗೆ ಕಾದ ಕಾವಲಿ ಆಗಿದೆ."

ಅವಳು ಆ ಮೂರು ಚುಕ್ಕಿಗಳ ಮುಂದೆ ತಗಡು ಎಂದು ಬರೆದುಕೊಂಡಳು.

"ದೂರದ ಬೆಟ್ಟ ನುಣ್ಣಗೆ ಅಕ್ಕಾ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಒಂದ್ಸಲ ಬಂದು ನಡೀರಿ. ಆಮೇಲೆ ಬರೀರಿ."

ಆಡಿದ ಮಾತನ್ನು ಅವನು ಮರೆತಿದ್ದ. ಅವಳು ಮರೆಯಲಿಲ್ಲ. ಮುಂದಿನ ತಿಂಗಳು ಐದು ದಿನ ರಜೆ ಹಾಕಿ, ಗಂಡನ ಹಳೆಯ ಬೂಟಿಗೆ ಹತ್ತಿ ತುರುಕಿ ಹಾಕಿಕೊಂಡು ಗಸ್ತು ತಂಡದ ಜೊತೆ ಹೋದಳು. ಪರದೆಯ ಮೇಲೆ ಹೆಬ್ಬೆರಳಿನಷ್ಟಿದ್ದ ದಾರಿ ಬೆಳಿಗ್ಗೆಯಿಂದ ಸಂಜೆಯವರೆಗೂ ಮುಗಿಯಲಿಲ್ಲ. ಮೇಲಿನಿಂದ ಹಸಿರಾಗಿ ಕಾಣುತ್ತಿದ್ದುದು ಒಳಗೆ ಕಪ್ಪಾಗಿತ್ತು. ಕಾಲಿಗೆ ಜಿಗಣೆ ಹತ್ತಿದವು. ಒಂದು ಕಡೆ ದಟ್ಟ ಮರಗಳ ಸಾಲನ್ನು ದಾಟಿದ ತಕ್ಷಣ ಆಕಾಶ ಬಯಲಾಯಿತು. ಎದುರಿಗೆ ಸುಟ್ಟ ಮೋಟುಗಳು ಬಿಟ್ಟರೆ ಏನೂ ಇರಲಿಲ್ಲ. ಆ ಜಾಗಕ್ಕೆ ಬೆಂಕಿ ಬಿದ್ದಿದೆ ಎಂದು ಹಿಂದಿನ ವರ್ಷ ವರದಿ ಮಾಡಿದ್ದವಳು ಅವಳೇ.

ಮೀಸೆಯಣ್ಣ ಒಂದು ಮೋಟಿನ ಮೇಲೆ ಕೂತು ಹೇಳಿದ: "ಜಮೀನಿಗೆ ಅಂತ ಕಾಡು ಕದಿಯೋ ಇವರು ಕಡಿಯೋದು ಮಳೆಗಾಲದಲ್ಲಿ. ಮೋಡ ಮುಚ್ಚಿರುತ್ತಲ್ಲ, ನಿಮ್ಮ ಉಪಗ್ರಹಕ್ಕೂ ಕಾಣಲ್ಲ, ನಮಗೂ ದಾರಿ ಇರಲ್ಲ. ಕಡಿದಿದ್ದು ಒಣಗಲಿ ಅಂತ ಬಿಟ್ಟು, ಬಿಸಿಲು ಬಂದಾಗ ಬೆಂಕಿ ಇಡ್ತಾರೆ. ಆಗ ನಿಮಗೆ ಚುಕ್ಕಿ ಕಾಣುತ್ತೆ. ನೀವು ಕಳಿಸೋದು ಸಾವಿನ ಸುದ್ದಿ ಅಕ್ಕಾ. ಕಾಯಿಲೆ ಸುದ್ದಿ ಅಲ್ಲ."

ವಾಪಸು ಬಂದವಳು ಅಧಿಕಾರಿಯ ಬಳಿ ರಾಡಾರ್ ಚಿತ್ರಗಳನ್ನು ಕೇಳಿದಳು. ರಾಡಾರಿಗೆ ಮೋಡ ಅಡ್ಡಿಯಲ್ಲ. ಆದರೆ ಆ ಚಿತ್ರಗಳು ಬೂದಿ ಚೆಲ್ಲಿದಂತಿರುತ್ತವೆ, ಓದುವುದು ಕಷ್ಟ. "ಅದನ್ನ ಓದೋರು ಇಲ್ಲಿ ಯಾರಿದಾರೆ? ಬೇಕಿದ್ರೆ ತಗೊಳ್ಳಿ," ಎಂದ ಅಧಿಕಾರಿ. ಅವಳು ತಾನು ನಡೆದ ಜಾಗದಿಂದಲೇ ಶುರುಮಾಡಿದಳು. ನಿಂತ ಕಾಡು ತರಿತರಿಯಾಗಿ ಬೆಳ್ಳಗೆ ಕಾಣುತ್ತದೆ, ಬಯಲಾದ ನೆಲ ನುಣುಪಾಗಿ ಕಪ್ಪಗೆ. ಇಷ್ಟು ತಿಳಿಯಲು ಎರಡು ತಿಂಗಳು ಹಿಡಿಯಿತು. ತೊರೆ, ಬಂಡೆ, ಜೌಗುಗಳನ್ನು ಬೇರೆ ಮಾಡಿ ಗುರುತಿಸಲು ಇನ್ನೈದು ತಿಂಗಳು.

ಮರುವರ್ಷದ ಮಳೆಗಾಲದಲ್ಲಿ, ಮೂರು ವಾರ ಮೋಡ ಸರಿಯದೆ ಇದ್ದಾಗ, ಒಂದು ಚಿತ್ರದಲ್ಲಿ ಉಗುರಿನ ಗೀರಿನಂಥ ಕಪ್ಪು ಕಂಡಿತು. ಹನ್ನೆರಡು ದಿನದ ನಂತರದ ಚಿತ್ರದಲ್ಲಿ ಅದು ಅಗಲವಾಗಿತ್ತು. ಅವಳು ವರದಿ ಬರೆದು ಅಧಿಕಾರಿಯ ಮುಂದಿಟ್ಟಳು.

"ಇನ್ನೊಂದು ತಗಡಿನ ಚಾವಣಿ ಆದ್ರೆ?" ಎಂದು ಅಧಿಕಾರಿ ಕಾಗದವನ್ನು ಪಕ್ಕಕ್ಕಿಟ್ಟ. "ಮೋಡ ಸರಿಯಲಿ, ನೋಡೋಣ."

ಅವಳು ತನ್ನ ಜಾಗಕ್ಕೆ ಬಂದು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಮತ್ತೊಮ್ಮೆ ನೋಡಿದಳು. ಆಮೇಲೆ ಮೆಟ್ಟಿಲ ಬಳಿ ಹೋಗಿ ಮೀಸೆಯಣ್ಣನಿಗೆ ತಾನೇ ಫೋನ್ ಮಾಡಿದಳು. ಅವನು ಅಕ್ಷಾಂಶ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ನಾವು ಬುತ್ತಿ ಬಿಚ್ಚಿದ ತೊರೆ ಇದೆಯಲ್ಲ ಅಣ್ಣಾ, ಅದನ್ನ ದಾಟಿ ಬಂಡೆ ಎಡಕ್ಕೆ ಬಿಟ್ಟು ಅರ್ಧ ದಿನ. ನನ್ನ ಕಾಲಲ್ಲಿ ಒಂದು ದಿನ."

"ಖಂಡಿತಾನಾ?"

"ಕಡಿದಿದಾರೆ ಅನ್ನೋದು ಖಂಡಿತ. ಯಾರು ಅಂತ ಗೊತ್ತಿಲ್ಲ."

ಅವನು "ಹೊರಡ್ತೀವಿ" ಎಂದ.

ಅಲ್ಲಿ ಹನ್ನೊಂದು ಜನ, ಆರು ಯಂತ್ರದ ಗರಗಸ, ಒಂದು ಬುಲ್ಡೋಜರ್ ಸಿಕ್ಕವು. ನಲವತ್ತು ಎಕರೆ ನೆಲಕ್ಕೊರಗಿತ್ತು. ಅದರಾಚೆ ಕಡಿಯಬೇಕೆಂದು ಬಣ್ಣ ಬಳಿದು ಗುರುತು ಮಾಡಿದ್ದ ಮರಗಳ ಸಾಲು ಒಂದು ಗಂಟೆ ನಡೆದರೂ ಮುಗಿಯುತ್ತಿರಲಿಲ್ಲ, ಅವು ಉಳಿದವು. ಬೇಸಿಗೆ ಬಂದಾಗ ಆ ಭಾಗದಲ್ಲಿ ಒಂದೂ ಚುಕ್ಕಿ ಬೀಳಲಿಲ್ಲ. ಬೇರೆಡೆ ಎಂದಿನಂತೆ ಬಿದ್ದವು.

ಕಚೇರಿಯಿಂದ ಅವಳಿಗೆ ಎರಡು ಪತ್ರ ಬಂದವು. ಮೇಲಧಿಕಾರಿಯನ್ನು ಮೀರಿದ್ದಕ್ಕೆ ಒಂದು ಎಚ್ಚರಿಕೆ, ಕರ್ತವ್ಯನಿಷ್ಠೆಗೆ ಒಂದು ಮೆಚ್ಚುಗೆ. ಎರಡಕ್ಕೂ ಸಹಿ ಒಂದೇ. ಎರಡನ್ನೂ ಓದಿದ ಗಂಡ, "ಯಾವುದಕ್ಕೆ ಫ್ರೇಮು ಹಾಕಿಸಲಿ?" ಎಂದು ಕೇಳಿದ. ಅವಳು ಬಹಳ ದಿನಗಳ ಮೇಲೆ ಜೋರಾಗಿ ನಕ್ಕಳು.

ಈಗ ಆ ಕೋಣೆಯಲ್ಲಿ ರಾಡಾರ್ ಚಿತ್ರ ಓದಬಲ್ಲವರು ನಾಲ್ವರಿದ್ದಾರೆ. ಹೊಸದಾಗಿ ಸೇರಿದವರನ್ನು ಅವಳು ಮೊದಲು ಐದು ದಿನ ಕಾಡಿಗೆ ಕಳಿಸುತ್ತಾಳೆ. ಕಳೆದ ವರ್ಷ ಆ ನಲವತ್ತು ಎಕರೆಯ ಕಪ್ಪಿನಲ್ಲಿ ಸಣ್ಣ ತರಿ ಮೂಡಿದ್ದನ್ನು ಕಂಡು ಮೀಸೆಯಣ್ಣನಿಗೆ ಫೋನ್ ಮಾಡಿದಳು.

"ಚಿಗುರಿದೆ ಅಣ್ಣಾ."

"ನೋಡಿದೆ. ಬರೀ ಕಳೆ ಅಕ್ಕಾ ಅದು. ಮರ ಆಗೋದನ್ನ ನೋಡೋಕೆ ನಾನೂ ಇರಲ್ಲ, ನೀವೂ ಇರಲ್ಲ."

"ಸರಿ," ಎಂದು ಅವಳು ಮುಂದಿನ ಚಿತ್ರ ತೆರೆದಳು.