ಆಫ್ ಅಂದವರು ಯಾರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಥೆ ಕಟ್ಟುವ ಚಟ ನನಗಿಲ್ಲ. ನನ್ನ ಬಲಗೈಯಲ್ಲಿ ಎರಡು ಬೆರಳಿಲ್ಲ, ಅದಕ್ಕಾದರೂ ಒಂದು ಕಾರಣ ಬೇಕಲ್ಲ.

ವಸಂತನರಸಾಪುರದಲ್ಲಿ ಆಗಿನ್ನೂ ಫ್ಯಾಕ್ಟರಿಗಳು ಏಳುತ್ತಿದ್ದವು. ಅಲ್ಲೊಂದು ಬಾಡಿಗೆ ಶೆಡ್ಡಿನಲ್ಲಿ ನಾನೂ ಗೆಳೆಯ ರಂಗನೂ ಇಬ್ಬರು ಕೂರುವ ಪುಟ್ಟ ವಿಮಾನದ ಇಂಜಿನ್ನಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಡಬ್ಬಿ ಕೂರಿಸುತ್ತಿದ್ದೆವು. ರಂಗ ಅಮೃತೂರಿನವನು, ಓದುವ ಕಾಲದಿಂದ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಕಿಡಿ ಹಾರಬೇಕು, ಅದೇ ಟೈಮಿಂಗ್. ಪ್ರೊಪೆಲ್ಲರನ್ನು ಮೆಲ್ಲಗೆ ತಿರುಗಿಸಿದರೂ ನಮ್ಮ ಡಬ್ಬಿ ಕಿಡಿ ಕೊಡುತ್ತಿತ್ತು. ಅದಕ್ಕೆ ನಾವು ಬೀಗಿದ್ದೇ ಬೀಗಿದ್ದು.

ಕೈಯಲ್ಲಿ ಪ್ರೊಪೆಲ್ಲರ್ ತಿರುಗಿಸುವವರದ್ದು ಒಂದು ಪದ್ಧತಿ. ಮುಂದೆ ನಿಂತವನು "ಸ್ವಿಚ್ ಆಫಾ?" ಅಂತ ಕೂಗಬೇಕು. ಒಳಗೆ ಸೀಟಿನಲ್ಲಿ ಕೂತವನು ಕಿಡಿ ಕೊಡುವ ಡಬ್ಬಿಯ ಸ್ವಿಚ್ಚನ್ನು ಮುಟ್ಟಿ ನೋಡಿ "ಆಫ್" ಅನ್ನಬೇಕು. ಉತ್ತರ ಬರದೆ ಮುಟ್ಟುವಂತಿಲ್ಲ, ಬಂದ ಮೇಲೆ ಅನುಮಾನ ಪಡುವಂತಿಲ್ಲ.

ಅಂದು ರಾತ್ರಿ ಟೈಮಿಂಗ್ ಗುರುತು ಹೊಂದಿಸಲು ಮುಂದೆ ನಿಂತೆ. ಹೊರಗೆ ಜೀರುಂಡೆ ಸದ್ದು... ಒಳಗೆ ಪೆಟ್ರೋಲ್ ವಾಸನೆ. ಇಂಜಿನ್ ಅಡ್ಡ ಇದ್ದದ್ದರಿಂದ ರಂಗ ಕೂರುವ ಸೀಟು ಕಾಣುತ್ತಿರಲಿಲ್ಲ.

"ರಂಗ, ಸ್ವಿಚ್ ಆಫಾ?"

ಸ್ವಲ್ಪ ತಡೆದು... "ಆಫ್ ಕಣೋ, ತಿರುಗ್ಸು."

ಅವನದೇ ದನಿ. ಮೂಗಿನಲ್ಲಿ ಎಳೆಯುವ ಆ "ಕಣೋ" ಕೂಡ ಅವನದೇ.

ಮೆಲ್ಲಗೆ ಎಳೆದೆ. ಇಂಜಿನ್ ಒಮ್ಮೆ ಗುಡುಗಿ, ಒಂದು ಸುತ್ತು ಹೊಡೆದು ನಿಂತಿತು...

ನೋವು ಆಮೇಲೆ ಬಂತು, ಮೊದಲು ಬಂದದ್ದು ಸಿಟ್ಟು. ಕೈಗೆ ಟವೆಲ್ ಸುತ್ತಿಕೊಂಡು, ಬಯ್ಯುತ್ತಾ ಸೀಟಿನತ್ತ ಬಗ್ಗಿದೆ. ಅಲ್ಲಿ ಯಾರೂ ಇರಲಿಲ್ಲ. ಸ್ವಿಚ್ ಆನ್ ಆಗಿತ್ತು.

ಆಗ ಗೇಟಿನ ಕಡೆಯಿಂದ ಫ್ಲಾಸ್ಕ್ ಹಿಡಿದು ರಂಗ ಬಂದ, ಜೊತೆಗೆ ವಾಚ್‌ಮನ್ ತಾತ.

"ಏನ್ಲಾ ಇದು, ರಕ್ತ..."

"ಆಫ್ ಅಂದ್ಯಲ್ಲೋ ಪಾಪಿ."

"ನಾನೆಲ್ಲಿದ್ನೋ ಇಲ್ಲಿ? ನೀನೇ ತಾನೆ ಕೂಗಿ ಹೇಳಿದ್ದು, ಡಬ್ಬಿ ಟೆಸ್ಟ್ ಮಾಡ್ಬೇಕು, ಸ್ವಿಚ್ ಆನ್ ಮಾಡಿಟ್ಟು ಟೀ ತಗೊಂಡ್ ಬಾ ಅಂತ?"

ನಾನು ಹಾಗೆ ಹೇಳಿರಲಿಲ್ಲ. ದೇವರಾಣೆಗೂ ಹೇಳಿರಲಿಲ್ಲ.

"ಆಗ್ಲಿಂದ ನಂಜೊತೇಲೇ ಟೀ ಅಂಗ್ಡೀಲಿ ಕುಂತಿದ್ರು ಕಣಪ್ಪ," ಅಂದ ತಾತ.

ಸ್ನೇಹ ಅಲ್ಲಿಗೆ ಮುಗಿಯಿತು. ಉಂಡ ಮನೆಗೆ ಎರಡು ಬಗೆದ ಅಂತ ಕಂಡಕಂಡವರ ಹತ್ತಿರ ಹೇಳಿದೆ. ತಾತನನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾನೆ ಅಂದೆ. ಹೋದ ಬೆರಳಿಗಿಂತ ಆ ದನಿಯ ಉರಿ ಹೆಚ್ಚಾಗಿತ್ತು.

ಕೆಲವು ವರ್ಷದ ಮೇಲೆ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ರಂಗ ಎದುರಾದ. ಮುಖ ತಿರುಗಿಸಿಕೊಂಡೆ. ಅವನೇ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಅವತ್ತು ನನ್ ಕೈಲಿ ಆನ್ ಮಾಡ್ಸಿ, ಆಮೇಲೆ ಯಾಕೋ ಸುಳ್ಳು ಹೇಳ್ದೆ?"

ಅವನ ಕಣ್ಣಲ್ಲಿ ನೀರಿತ್ತು. ಮೋಸ ಹೋದವನ ಕಣ್ಣು ಹೇಗಿರುತ್ತದೆಂದು ನನಗೆ ಗೊತ್ತು, ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ಅವನನ್ನು ಮೋಸಗಾರ ಅಂದುಕೊಂಡಿದ್ದಾಗ ಸಿಟ್ಟಿತ್ತು, ನಿದ್ದೆಯೂ ಬರುತ್ತಿತ್ತು. ಈಗ ಎರಡೂ ಇಲ್ಲ. ಕತ್ತಲಲ್ಲಿ ಹೆಂಡತಿ ಕರೆದರೂ, ಮುಖ ಕಾಣುವವರೆಗೆ ನಾನು ಓಗೊಡುವುದಿಲ್ಲ.