ಮಾವನ ಎಲೆಯ ಮೇಲಿದ್ದ ಕಲ್ಲು

ಸತ್ತವರು ಬಂದು ಉಂಡು ಹೋಗುತ್ತಾರೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಬದುಕಿದ್ದಾಗ ಉಪ್ಪು ಹೆಚ್ಚಾಯಿತೆಂದು ತಟ್ಟೆ ದೂಡುತ್ತಿದ್ದವರು ಸತ್ತ ಮೇಲೆ ಆರಿದ ಅನ್ನಕ್ಕೆ ಓಡಿ ಬರುತ್ತಾರಂತೆ! ಈಗಲೂ ನಾನು ನಂಬುವುದಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಅಜ್ಜಾವರದಲ್ಲಿ ನಡೆದದ್ದನ್ನು ಹೇಳಬೇಕು.

ಕಡಲ ತಳದ ಮೀನುಗಳ ಆರೋಗ್ಯ ನೋಡುವುದು ನನ್ನ ಉದ್ಯೋಗ. ಬೋಟಿನವರು ತಂದ ಕಲ್ಲೂರು ಮೀನನ್ನು ಅಳೆದು, ಅದರ ತಲೆಯೊಳಗಿನ ಪುಟ್ಟ ಕಲ್ಲನ್ನು ತೆಗೆದು ಸೀಳಿ, ಗೆರೆ ಎಣಿಸಿ ವಯಸ್ಸು ಹೇಳುತ್ತೇನೆ. ಆ ವರ್ಷ ಸಿಕ್ಕಿದ್ದೆಲ್ಲ ಒಮ್ಮೆಯೂ ಮೊಟ್ಟೆಯಿಡದ ಮರಿಗಳು. ಜನ್ಮದಲ್ಲಿ ಒಂದು ಮೀನಿನ ತಲೆಯನ್ನೂ ಸೀಳದ ನಮ್ಮ ಸಾಹೇಬರು ಮಾತ್ರ ಎ.ಸಿ. ಕೋಣೆಯಲ್ಲಿ ಕುಳಿತೇ 'ಸಂತತಿ ಸುಸ್ಥಿತಿಯಲ್ಲಿದೆ' ಎಂದು ವರದಿ ಬರೆಸಿದ್ದರು. ನನ್ನ ಸಹಿ ಬಾಕಿ ಇತ್ತು. ಅದು ಬಿದ್ದರೆ ಅನುಮತಿ ಸಿಕ್ಕಿ, ಸಣ್ಣ ಕಣ್ಣಿನ ಬಲೆಗಳು ಉಳಿದ ಮರಿಗಳನ್ನೂ ಗುಡಿಸಿಬಿಡುತ್ತವೆ. ಮುದಿ ಮೀನೇ ಇಲ್ಲವಲ್ಲ ಸರ್ ಎಂದರೆ, "ನಿಮಗೆ ಸಿಗ್ಲಿಲ್ಲ ಅಂದ್ರೆ ಇಲ್ಲ ಅಂತವಾ ಮಾರಾಯ್ರೆ?" ಎಂದು ನಕ್ಕರು.

ಆಗಲೇ ಅತ್ತೆ ಅಜ್ಜಾವರದ ಮನೆಗೆ ಕರೆದರು. ಬೋಟಿನಲ್ಲಿ ದುಡಿದಿದ್ದ ಮಾವ ಹಿಂದಿನ ವರ್ಷ ತೀರಿಕೊಂಡಿದ್ದರು. ತೀರಿಹೋದವರಿಗೆ ಇಷ್ಟವಾದದ್ದನ್ನು ಆಟಿಯಲ್ಲಿ, ಅಂದರೆ ಆಷಾಢದಲ್ಲಿ, ಎಲೆಗೆ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮಲ್ಲಿನ ಕ್ರಮ. "ದೊಡ್ಡ ಕಲ್ಲೂರು ತಾ ಮಗಾ. ಅವರಿಗೆ ಸಣ್ಣದು ಆಗುದಿಲ್ಲ, ಗೊತ್ತುಂಟಲ್ಲ," ಎಂದರು. ಮಳೆಗಾಲ, ಬೋಟುಗಳಿಗೆ ರಜೆ. ಸುಳ್ಯದ ಮಾರ್ಕೆಟಿನಲ್ಲಿದ್ದದ್ದು ಐಸಿನಲ್ಲಿ ಮಲಗಿದ್ದ ಬೆರಳುದ್ದದ ಮರಿಗಳು. ಅವನ್ನೇ ತಂದೆ. ಸತ್ತವರಿಗೆ ಅಳತೆ ಬೇರೆ ಕೇಡು!

ಮುಸ್ಸಂಜೆ ಅತ್ತೆ ಅವನ್ನು ಹುರಿದು ಬಡಿಸಿದರು. ಕಿಟಕಿಯಿಲ್ಲದ ಕೋಣೆ. ಇಲಿ ತಿಂದದ್ದಕ್ಕೆ 'ಬಂದರು, ಉಂಡರು' ಎಂದು ಕಣ್ಣೀರು ಹಾಕುವ ನಾಟಕ ನೋಡಲಾರದೆ ನಾನೇ ಮೂಲೆಮೂಲೆ ತಡಕಿ, ಎಲೆಯನ್ನೂ ಒಮ್ಮೆ ನೋಡಿ, ಬೀಗ ಜಡಿದು ಕೀಲಿಕೈ ಕಿಸೆಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಬಾಗಿಲು ತಟ್ಟಿದರು, ನಾನು ತೆರೆದೆ.

ಮೀನುಗಳು ಬಡಿಸಿದ ಹಾಗೆಯೇ ಇದ್ದವು. ಎಲೆಯ ತುದಿಯಲ್ಲಿ, ತಿಂದು ಮುಳ್ಳು ತೆಗೆದಿಡುವ ಜಾಗದಲ್ಲಿ, ಕಲ್ಲೂರಿನ ತಲೆಯ ಕಲ್ಲೊಂದಿತ್ತು. ಗೋಡಂಬಿಯಷ್ಟು ದೊಡ್ಡದು. ಹಸಿ ಲೋಳೆ ಇನ್ನೂ ಅಂಟಿಕೊಂಡಿತ್ತು. ಬಗ್ಗಿ ಎತ್ತಿಕೊಂಡೆ.

"ನೋಡು, ನೀನು ತಂದದ್ದನ್ನು ಮುಟ್ಟಲೇ ಇಲ್ಲ. ಅವರಿಗೆ ಅಲ್ಲಿ ದೊಡ್ಡದೇ ಸಿಗುದು," ಎಂದರು ಅತ್ತೆ, ನೆಮ್ಮದಿಯಿಂದ.

ಆಫೀಸಿನಲ್ಲಿ ಆ ಕಲ್ಲನ್ನು ಸೀಳಿ ಗೆರೆ ಎಣಿಸಿದೆ. ನಂಬಿಕೆಯಾಗದೆ ಮತ್ತೆ ಎಣಿಸಿದೆ. ಅಷ್ಟು ವಯಸ್ಸಿನ ಕಲ್ಲೂರನ್ನು ನಾನು ಕಂಡದ್ದೇ ಇಲ್ಲ. ಸಾಹೇಬರು ನೋಡಿ ಕುಣಿದಾಡಿದರು. "ನಾನು ಹೇಳ್ಲಿಲ್ವಾ? ಮುದಿ ಮೀನು ಉಂಟು! ಎಲ್ಲಿ ಸಿಕ್ಕಿದ್ದು ಅಂತ ಬರೆದು ಸಹಿ ಹಾಕಿ."

ಮಾವನ ಎಲೆಯಲ್ಲಿ ಎಂದರೆ ಹುಚ್ಚನಾಗುತ್ತೇನೆ, ಕಡಲಲ್ಲಿ ಎಂದರೆ ಸುಳ್ಳುಗಾರ. ನಾನು ಸಹಿ ಹಾಕಲಿಲ್ಲ. ಸಾಹೇಬರು ನಾಚಿಕೆಯಿಲ್ಲದೆ ಬೇರೆಯವರಿಂದ ಹಾಕಿಸಿಕೊಂಡರು.

ಈಗ ಮಾರ್ಕೆಟಿನಲ್ಲಿ ಬೆರಳುದ್ದದ ಕಲ್ಲೂರೂ ಅಪರೂಪ. ಆ ಕಲ್ಲು ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡ ಮೀನೆಲ್ಲ ಎಲ್ಲಿಗೆ ಹೋಯಿತು ಎಂದು ಯಾರಾದರೂ ಕೇಳಿದಾಗ ಮಾತ್ರ 'ಅಲ್ಲಿ ದೊಡ್ಡದೇ ಸಿಗುದು' ಎಂಬ ಅತ್ತೆಯ ಮಾತು ಬಾಯಿಯ ತನಕ ಬರುತ್ತದೆ, ನುಂಗಿಕೊಳ್ಳುತ್ತೇನೆ.