ಹತ್ತನೇ ಸಹಿ

ಕಳಸದ ಪೇಟೆಯಲ್ಲಿ ಪರಮೇಶ್ವರಪ್ಪನವರ ಅಂಗಡಿ ಎಲ್ಲಿ ಎಂದು ಯಾರನ್ನಾದರೂ ಕೇಳಿದರೆ ಮೊದಲು ಒಂದು ನಗೆ ಬರುತ್ತಿತ್ತು, ಆಮೇಲೆ ದಾರಿ. "ಯಾರು, ಆಸ್ಪತ್ರೆ ಪರಮೇಶ್ವರಪ್ಪನವ್ರಾ? ನಮ್ಮ ಎಮ್ಮೆಲ್ಲೆ ಸಾಹೇಬ್ರಾ?" ಕಂಬಳಿ, ಟಾರ್ಪಾಲು, ಗಂಬೂಟು ಮಾರಿಕೊಂಡಿದ್ದ ಮನುಷ್ಯ. ಆಸ್ಪತ್ರೆಯನ್ನೂ ಕಟ್ಟಿಸಲಿಲ್ಲ, ಎಮ್ಮೆಲ್ಲೆಯೂ ಆಗಲಿಲ್ಲ. ನಾಲ್ಕು ಸಲ ವಿಧಾನಸಭೆಗೆ ನಿಂತರು, ನಾಲ್ಕು ಸಲವೂ ಠೇವಣಿ ಕಳೆದುಕೊಂಡರು. ಆಡಿಕೊಳ್ಳುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಅದರಲ್ಲೂ ತಮಾಷೆಯೆಂದರೆ, ಅವರು ನಿಂತದ್ದು ಸ್ವಂತ ಊರಲ್ಲಲ್ಲ. ಕಳಸ ಸೇರಿದ್ದು ಮೂಡಿಗೆರೆ ಕ್ಷೇತ್ರಕ್ಕೆ. ಅದು ಮೀಸಲು ಕ್ಷೇತ್ರ, ಲಿಂಗಾಯತರ ಪರಮೇಶ್ವರಪ್ಪ ಅಲ್ಲಿ ನಿಲ್ಲುವಂತಿಲ್ಲ. "ಅದು ನ್ಯಾಯವೇ, ನಾನ್ಯಾಕೆ ತಕರಾರು ಮಾಡ್ಲಿ" ಎನ್ನುತ್ತಿದ್ದರು. ಹಾಗಾಗಿ ಪಕ್ಕದ ಕ್ಷೇತ್ರಕ್ಕೆ ಹೋಗಿ, ಬಾಳೆಹೊನ್ನೂರಿನ ಜನರ ಮುಂದೆ ನಿಂತು, ಕಳಸಕ್ಕೆ ಆಸ್ಪತ್ರೆ ಬೇಕು ಎಂದು ಓಟು ಕೇಳುತ್ತಿದ್ದರು. ನಗದೆ ಇರುತ್ತಾರೆಯೇ? "ನಿಮ್ಮೂರಿನ ಆಸ್ಪತ್ರೆಗೆ ನಮ್ಮೂರಿನ ಓಟಾ? ಚೆನ್ನಾಗಿದೆ ಮಾರಾಯ್ರೆ" ಎಂದರೆ ಅವರ ಉತ್ತರ ಸಿದ್ಧವಿರುತ್ತಿತ್ತು. "ಭದ್ರೆ ನಮ್ಮೂರಲ್ಲಿ ಹರಿದೇ ನಿಮ್ಮೂರಿಗೆ ಬರೋದು. ನೀರಿಗಿಲ್ಲದ ಗಡಿ ಬಸುರಿ ಹೆಂಗಸಿಗೆ ಯಾಕೆ?" ಮಾತೇನೋ ಚೆನ್ನಾಗಿತ್ತು. ಚೆನ್ನಾದ ಮಾತಿಗೆ ಓಟು ಬೀಳುವ ಕಾಲ ಯಾವತ್ತಿತ್ತು?

ಲೋಕಸಭೆಗಾದರೂ ನಿಲ್ಲಿ, ಕಳಸದವರೂ ಓಟು ಹಾಕಬಹುದು ಎಂದವರಿದ್ದರು. ದೆಹಲಿಯವರಿಗೆ ಕಳಸ ಎಲ್ಲಿ ಗೊತ್ತು, ಆಸ್ಪತ್ರೆ ಕೊಡುವವರು ಬೆಂಗಳೂರಿನವರು ಎನ್ನುವುದು ಅವರ ವಾದ. ಹೀಗಾಗಿ ತನ್ನ ಓಟನ್ನು ತಾನೇ ಹಾಕಿಕೊಳ್ಳಲಾಗದ ಅಭ್ಯರ್ಥಿ ಅವರು. ಹೆಂಡತಿ ವಿಶಾಲಾಕ್ಷಮ್ಮನವರೂ ಒಮ್ಮೆಯೂ ಗಂಡನಿಗೆ ಓಟು ಹಾಕಿದವರಲ್ಲ. ಹಾಕುವಂತಿದ್ದರೆ ಹಾಕುತ್ತಿದ್ದರೋ ಇಲ್ಲವೋ, ಅದನ್ನು ಅವರೇ ಹೇಳಬೇಕು.

ಏಕೆಂದರೆ ವಿಶಾಲಾಕ್ಷಮ್ಮನವರಿಗೆ ಚುನಾವಣೆ ಎಂದರೆ ಆಗುತ್ತಿರಲಿಲ್ಲ.

ಅವರಿಗೆ ಇದ್ದವಳು ಒಬ್ಬಳೇ ಮಗಳು, ಭುವನಾ. ಚಿಕ್ಕಮಗಳೂರಿಗೆ ಕೊಟ್ಟಿದ್ದರು. ಅಳಿಯ ಶಶಿಕಿರಣನ ಮನೆಯಿಂದ ದೊಡ್ಡಾಸ್ಪತ್ರೆಗೆ ನಡೆದೇ ಹೋಗಬಹುದಿತ್ತು. "ಇಲ್ಲೇ ಹೆರಿಗೆ ಮಾಡಿಸೋಣ, ಅತ್ತೆ" ಎಂದು ಅಳಿಯ ಎರಡೆರಡು ಸಲ ಹೇಳಿದ, ಗಂಡನೂ ಅದೇ ಸರಿ ಎಂದರು. ವಿಶಾಲಾಕ್ಷಮ್ಮ ಕೇಳಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಬಾಣಂತನ ಮಾಡದ ತಾಯಿ ಎಂಥ ತಾಯಿ, ನಾಲ್ಕು ಜನ ಏನಂದಾರು? ತಾವೇ ಹೋಗಿ, ಮಡಿಲು ತುಂಬಿಸಿಕೊಂಡು, ಮಗಳನ್ನು ಕಳಸಕ್ಕೆ ಕರೆತಂದರು. ಮಳೆಗಾಲ. ಹೆರಿಗೆ ಕಷ್ಟವಾಯಿತು, ಘಟ್ಟ ಇಳಿಸಿ ಕರೆದೊಯ್ಯಬೇಕು ಎಂದರು. ಜೀಪು ಸಂಸೆ ದಾಟುವಷ್ಟರಲ್ಲಿ ದಾರಿಗೆ ಅಡ್ಡಲಾಗಿ ಮರ ಬಿದ್ದಿತ್ತು. ಕತ್ತಿ ಹಿಡಿದವರು ಬಂದು ಮರ ಕಡಿದು ದಾರಿ ಬಿಡಿಸುವ ಹೊತ್ತಿಗೆ ತಾಯಿಯೂ ಇಲ್ಲ, ಮಗುವೂ ಇಲ್ಲ. ವಿಶಾಲಾಕ್ಷಮ್ಮನವರ ತೊಡೆಯ ಮೇಲೆ ಮಗಳ ತಲೆ ಇತ್ತು.

ಆಮೇಲೆ ಆ ಮನೆಯಲ್ಲಿ ಭುವನಾ ಎಂಬ ಹೆಸರು ಕೇಳಿಸಲಿಲ್ಲ. ಗಂಡ ಎತ್ತಲಿಲ್ಲ, ಹೆಂಡತಿಯೂ ಎತ್ತಲಿಲ್ಲ. ‘ನೀನೇ ಕರೆತಂದೆ’ ಎಂದು ಗಂಡ ಒಂದು ದಿನ ಬೈದಿದ್ದರೆ ಅತ್ತು ಹಗುರಾಗುತ್ತಿದ್ದರೇನೋ. ಪುಣ್ಯಾತ್ಮ ಬೈಯಲೂ ಇಲ್ಲ. ಮರುವರ್ಷ ಚುನಾವಣೆ ಬಂತು, ನಿಲ್ಲುತ್ತೇನೆ ಎಂದರು.

ಪಕ್ಷವಿಲ್ಲದವನು ನಾಮಪತ್ರ ಹಾಕಬೇಕಾದರೆ ಆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಕಳಸದ ಕಂಬಳಿ ವ್ಯಾಪಾರಿಗೆ ಅಲ್ಲಿ ಹತ್ತು ಜನ ಎಲ್ಲಿಂದ ಬರಬೇಕು? ವಿಶಾಲಾಕ್ಷಮ್ಮನವರ ತವರು ಬಾಳೆಹೊನ್ನೂರಿನ ಪಕ್ಕದಲ್ಲೇ. "ನೀನೊಂದು ಮಾತು ಹೇಳಿದ್ರೆ ಬರ್ತಾರೆ" ಎಂದರು ಗಂಡ. ಹೀಗೆ ಪ್ರತಿ ಸಲವೂ ಆಕೆ ತವರಿಗೆ ಹೋಗಿ, ಅಣ್ಣನ ಮಕ್ಕಳು, ಸೋದರತ್ತೆಯ ಮನೆಯವರು, ನೆಂಟರಿಷ್ಟರು ಎಂದು ಮನೆ ಮನೆ ಹತ್ತಿಳಿದು ಹತ್ತು ಜನರನ್ನು ಕೂಡಿಸುತ್ತಿದ್ದರು. ತಾವಾಗಿ ಬರುತ್ತಿದ್ದವರು ಒಬ್ಬರೇ, ಸಿದ್ದಬಸಪ್ಪನವರು. ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಸಹಿ ಹಾಕಿದ್ದಲ್ಲದೆ ಪ್ರಚಾರದ ಆಟೋದಲ್ಲಿ ಪರಮೇಶ್ವರಪ್ಪನವರ ಪಕ್ಕದಲ್ಲೇ ಕೂತು ಊರೂರು ಸುತ್ತುತ್ತಿದ್ದರು.

ಆಟೋದ ಮೈಕು ತವರುಮನೆಯ ಬೀದಿಗೂ ಬರುತ್ತಿತ್ತು. "ನನ್ನ ಮಗಳು ಭುವನಾ" ಎಂದು ಗಂಡನ ಧ್ವನಿ ಶುರುವಾದದ್ದೇ ತಡ, ವಿಶಾಲಾಕ್ಷಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಿಕ್ಸಿ ತಿರುಗಿಸುತ್ತಿದ್ದರು. ಮಿಕ್ಸಿಯಲ್ಲಿ ಏನೂ ಇರುತ್ತಿರಲಿಲ್ಲ. ಮುಂದಿನ ಮಾತು ಏನೆಂದು ತಮಗೆ ಗೊತ್ತು ಎಂದುಕೊಂಡಿದ್ದರು. ಇವಳ ತಾಯಿ ಹಟ ಮಾಡಿ ಕರೆತಂದಳು, ಮಗಳು ಹೋದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಹಾಗೆಯೇ ತಾನೇ ಹೇಳಬೇಕು? ಮಾರನೇ ದಿನ ಬೀದಿಯ ಹೆಂಗಸರು ನೋಡಿದರೆ ಕಣ್ಣು ತಪ್ಪಿಸಿ ನಡೆಯುತ್ತಿದ್ದರು.

ನಾಲ್ಕನೇ ಸಲದ ಚುನಾವಣೆ ಮುಗಿದ ಮೇಲೆ ಅಣ್ಣನ ಮಗ ಉಮೇಶ ಫೋನಿನಲ್ಲಿ ಏನನ್ನೋ ನೋಡಿ ನಗುತ್ತಿದ್ದ. ಇಣುಕಿದರೆ ಪರಮೇಶ್ವರಪ್ಪ. "ನನ್ನ ಮಗಳು ಭುವನಾ" ಎನ್ನುವಾಗ ಗಂಟಲು ಕಟ್ಟುತ್ತದೆ, ಅಷ್ಟನ್ನೇ ಯಾರೋ ಕತ್ತರಿಸಿ, ತಾಳ ಸೇರಿಸಿ, ಮತ್ತೆ ಮತ್ತೆ ಬರುವ ಹಾಗೆ ಮಾಡಿದ್ದರು. ಜಿಲ್ಲೆಗೆಲ್ಲ ಹಂಚಿ ನಕ್ಕಿದ್ದರು. ಉಮೇಶ ನಾಲಿಗೆ ಕಚ್ಚಿಕೊಂಡ. "ಸಾರಿ ಅತ್ತೆ, ಎಲ್ರಿಗೂ ಬಂದಿತ್ತು, ಅದಕ್ಕೆ ನೋಡ್ದೆ." ಸತ್ತ ಮಗಳ ಹೆಸರಿಗೆ ಕುಣಿಯುವ ಜನರ ಮುಂದೆ ಇನ್ನೊಂದು ಸಲ ಆ ಹೆಸರು ಬರಕೂಡದು ಎಂದು ವಿಶಾಲಾಕ್ಷಮ್ಮ ಅಲ್ಲೇ ತೀರ್ಮಾನಿಸಿದರು.

ಎರಡು ಸಾವಿರದ ಇಪ್ಪತ್ತಮೂರರ ಚುನಾವಣೆ ಬಂತು. ಪರಮೇಶ್ವರಪ್ಪನವರಿಗೆ ಆಗಲೇ ಏದುಸಿರು, ಅಂಗಡಿಯ ಮೆಟ್ಟಿಲು ಹತ್ತಿದರೆ ಕೂತು ಸುಧಾರಿಸಿಕೊಳ್ಳಬೇಕು. ಆದರೂ, "ಇದೊಂದು ಸಲ ವಿಶಾಲೂ, ಆಮೇಲೆ ಕೇಳಲ್ಲ" ಎಂದರು. ಆಕೆ ಯಥಾಪ್ರಕಾರ ತವರಿಗೆ ಹೋದರು. ಗೊಣಗಿಕೊಂಡೇ ಒಂಬತ್ತು ಜನ ಒಪ್ಪಿದರು. ಕೊನೆಗೆ ಸಿದ್ದಬಸಪ್ಪನವರ ಮನೆಗೆ ಹೋದರೆ, ಮುದುಕರು ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಗೋಡೆಗೆ ನೇತುಹಾಕಿ ಕಾಯುತ್ತಿದ್ದರು.

"ನಮ್ಮವ್ರು ಈ ಸಲ ನಿಲ್ಲಲ್ಲ" ಎಂದರು ವಿಶಾಲಾಕ್ಷಮ್ಮ. "ನೀವು ಬರೋದು ಬೇಡ. ಫೋನೂ ಮಾಡ್ಬೇಡಿ, ಬೇಜಾರಲ್ಲಿದಾರೆ."

ಸಿದ್ದಬಸಪ್ಪ ಆ ಅಂಗಿಯನ್ನೊಮ್ಮೆ ನೋಡಿದರು. "ಹಂಗಾ, ಆಗ್ಲಿ ತಾಯಿ" ಎಂದರು.

ಗಂಡನಿಗೆ ಆಕೆ ಹೇಳಿದ್ದು, ಸಿದ್ದಬಸಪ್ಪನವರು ಹಾಸಿಗೆ ಹಿಡಿದಿದ್ದಾರೆ, ತೊಂದರೆ ಕೊಡಬೇಡಿ ಎಂದು. ನಾಮಪತ್ರದ ಕೊನೆಯ ದಿನ. ಒಂಬತ್ತು ಜನ ಚುನಾವಣಾಧಿಕಾರಿಯ ಕಚೇರಿಯ ಆವರಣದ ಹಲಸಿನ ಮರದ ಕೆಳಗೆ ಆಕಳಿಸುತ್ತಾ ಕೂತರು. ಒಬ್ಬರು ಕಡಿಮೆ. ಪರಮೇಶ್ವರಪ್ಪ ರಸ್ತೆಗೆ ಇಳಿದು ಕಂಡಕಂಡವರನ್ನು ಕೇಳಿದರು. ಬಸ್ಸಿಗೆ ಕಾಯುವವರನ್ನು ಕೇಳಿದರು, ಎಳನೀರಿನವನನ್ನು ಕೇಳಿದರು. "ನಂಗ್ಯಾಕೆ ಸ್ವಾಮಿ, ನಾಳೆ ಪಾರ್ಟಿಯವ್ರು ಅಂಗಡಿ ಮುಂದೆ ಬಂದು ನಿಲ್ತಾರೆ" ಎಂದ ಚಹಾದವನು. ಏದುಸಿರು ಬಿಡುತ್ತಾ, ಶಾಲು ಸರಿಮಾಡಿಕೊಳ್ಳುತ್ತಾ ಆ ಮನುಷ್ಯ ಬಿಸಿಲಲ್ಲಿ ಓಡಾಡುವುದನ್ನು ವಿಶಾಲಾಕ್ಷಮ್ಮ ಬೆಂಚಿನ ಮೇಲೆ ಬುತ್ತಿಯ ಡಬ್ಬಿ ಹಿಡಿದು ನೋಡುತ್ತಿದ್ದರು. ಎದ್ದು ಹೋಗಿ ಹೇಳಿಬಿಡಲೇ ಎಂದು ಹಲವು ಸಲ ಅನ್ನಿಸಿತು. ಜೀಪು ಕಳಿಸಿದ್ದರೆ ಮುದುಕರು ಅರ್ಧ ಗಂಟೆಯಲ್ಲಿ ಬರುತ್ತಿದ್ದರು. ಏಳಲಿಲ್ಲ. ಮೂರು ಗಂಟೆಗೆ ಪೊಲೀಸರು ಗೇಟು ಹಾಕಿದರು.

ಪರಮೇಶ್ವರಪ್ಪ ಬಂದು ಪಕ್ಕದಲ್ಲಿ ಕೂತರು. ಬೈಗುಳಕ್ಕೆ ಆಕೆ ಕಾಯುತ್ತಿದ್ದರು.

"ಡಬ್ಬಿ ತೆಗಿ" ಎಂದರು ಅವರು. "ನಿಂಗೆ ಹಸಿವಾಗಿರುತ್ತೆ."

ಆಮೇಲೆ ಅವರು ಮೊದಲಿನ ಹಾಗೆ ಇರಲಿಲ್ಲ. ಅಂಗಡಿಗೆ ಹೋಗುತ್ತಿದ್ದರು, ಬರುತ್ತಿದ್ದರು. ಪೇಟೆಯವರು ಎಮ್ಮೆಲ್ಲೆ ಸಾಹೇಬ್ರೆ ಎಂದು ಕರೆದರೆ ಹಿಂದೆಲ್ಲ ನಕ್ಕು ಕೈ ಮುಗಿಯುತ್ತಿದ್ದರು, ಈಗ ಕೇಳಿಸದವರಂತೆ ಹೋಗುತ್ತಿದ್ದರು. ಮಗಳ ಹೆಸರು ಇನ್ನು ಎಲ್ಲೂ ಕೇಳಬಾರದು ಎಂದು ವಿಶಾಲಾಕ್ಷಮ್ಮ ಬಯಸಿದ್ದರಲ್ಲ, ಹಾಗೆಯೇ ಆಯಿತು. ಮನೆಯಲ್ಲಂತೂ ಇಲ್ಲ, ಈಗ ಬೀದಿಯಲ್ಲೂ ಇಲ್ಲ. ಅದು ಎಂಥ ಮೌನವೆಂದು ಆಮೇಲೆ ಆಕೆಗೆ ತಿಳಿಯಿತು. ಒಂದು ದಿನ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಭುವನಾ ಎಂದು ಅಂದುಕೊಳ್ಳಲು ಹೋದರೆ ನಾಲಿಗೆ ತಿರುಗಲಿಲ್ಲ.

ಮುಂದಿನ ವರ್ಷದ ಮಳೆಗಾಲದಲ್ಲಿ ಪರಮೇಶ್ವರಪ್ಪ ಅಂಗಡಿಯಲ್ಲೇ, ಟಾರ್ಪಾಲಿನ ಕಟ್ಟಿಗೆ ಒರಗಿ ಕೂತವರು ಹಾಗೆಯೇ ಹೋಗಿಬಿಟ್ಟರು. ಗಿರಾಕಿ ಬಂದು ಎರಡು ಸಲ ಕೂಗಿದ ಮೇಲೆ ಗೊತ್ತಾದದ್ದು.

ಶಿವಗಣಾರಾಧನೆಯ ದಿನ ಸಿದ್ದಬಸಪ್ಪನವರು ಕೋಲೂರಿಕೊಂಡು ಬಂದರು. ಅದೇ ಬಿಳಿ ಅಂಗಿ. ಪಟದ ಮುಂದೆ ಕೈ ಮುಗಿದು, ವಿಶಾಲಾಕ್ಷಮ್ಮನವರ ಎದುರು ಚಾಪೆಯ ಮೇಲೆ ಕೂತರು. ನೆಂಟರೆಲ್ಲ ಸುತ್ತಲೂ ಇದ್ದರು.

"ಎಂಥ ಮನುಷ್ಯ ತಾಯಿ" ಎಂದರು. "ಯಾವ ಊರಲ್ಲಿ ಮೈಕ್ ಹಿಡಿದ್ರೂ ಒಂದೇ ಮಾತು. ನನ್ನ ಮಗಳು ಭುವನಾ, ಅವ್ಳನ್ನ ಅಲ್ಲೇ ಬಿಡಿ, ಅಲ್ಲಿ ಆಸ್ಪತ್ರೆ ಇದೆ ಅಂತ ಅವ್ಳ ತಾಯಿ ಬೇಡ್ಕೊಂಡ್ಳು. ನಾನೇ ಅವ್ಳ ಮಾತು ಕೇಳದೆ ಹಟ ಮಾಡಿ ಕರ್ಕೊಂಡು ಬಂದೆ. ನನ್ನ ಹಂಗೆ ಇನ್ಯಾವ ಅಪ್ಪನೂ ಮಾಡೋದು ಬೇಡ. ಹೀಗೆ ಹೇಳ್ತಾ ಹೇಳ್ತಾ ಅತ್ತೇಬಿಡೋರು."

ವಿಶಾಲಾಕ್ಷಮ್ಮ ಮುದುಕರ ಮುಖವನ್ನೇ ನೋಡುತ್ತಾ ಕೂತರು. ಇಪ್ಪತ್ತು ವರ್ಷ. ನಾಲ್ಕು ಚುನಾವಣೆ. ಬಾಗಿಲು ಹಾಕಿಕೊಂಡು ಖಾಲಿ ಮಿಕ್ಸಿ ತಿರುಗಿಸಿದ್ದು ಈ ಮಾತು ಕೇಳಬಾರದೆಂದು.

"ಅಲ್ಲ" ಎಂದರು. ಮತ್ತೊಮ್ಮೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಅವ್ರಲ್ಲ. ಭುವನಾನ ಕರ್ಕೊಂಡು ಬಂದಿದ್ದು ನಾನು. ಅವ್ರು ಬೇಡ ಅಂತಾನೇ ಹೇಳಿದ್ರು. ನಾನೇ ಕೇಳಲಿಲ್ಲ."

ಸಿದ್ದಬಸಪ್ಪನವರ ಕಣ್ಣಲ್ಲಿ ನೀರು ಬಂತು. ಬಗ್ಗಿ ಆಕೆಯ ಕೈ ಮುಟ್ಟಿದರು.

"ಗೊತ್ತು ತಾಯಿ. ಅದನ್ನೂ ಅವ್ರು ಹೇಳಿದ್ರು. ನನ್ನ ಹೆಂಡ್ತಿ ತಪ್ಪೆಲ್ಲ ತನ್ನ ಮೇಲೇ ಎಳ್ಕೋತಾಳೆ, ಯಾವತ್ತಾದ್ರೂ ನಾನೇ ಕರ್ಕೊಂಡು ಬಂದೆ ಅಂತ ಹೇಳ್ತಾಳೆ, ನೀವ್ಯಾರೂ ನಂಬಬೇಡಿ ಅಂತ."

ಸುತ್ತ ಕೂತಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಯಾರೋ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇನ್ನು ಹೇಗೆ ಹೇಳಿದರೂ ಇವರು ನಂಬುವುದಿಲ್ಲ ಎಂದು ವಿಶಾಲಾಕ್ಷಮ್ಮನವರಿಗೆ ಅರ್ಥವಾಯಿತು. ಒಳಗಿನಿಂದ ಯಾರೋ ಎಲೆ ಹಾಕಿದೆ, ಊಟಕ್ಕೆ ಏಳಿ ಎಂದು ಕರೆದರು. ಸಿದ್ದಬಸಪ್ಪ ಎದ್ದು ಆಕೆಯತ್ತ ಕೈ ಚಾಚಿದರು.

"ಏಳಿ ತಾಯಿ" ಎಂದರು. "ನಿಮಗೆ ಹಸಿವಾಗಿರುತ್ತೆ."